ಎರಡನೇ ಸಹಿ

ಹಾಡುವಾಗ ಸ್ವರ ತಪ್ಪಿದರೆ ಏನು ಮಾಡಬೇಕು? ಬೇರೆ ಸಂಗೀತದವರನ್ನು ಕೇಳಿದರೆ ನಾಲಿಗೆ ಕಚ್ಚಿಕೊಂಡು ತಲೆ ತಗ್ಗಿಸಬೇಕು, ಮನೆಗೆ ಹೋಗಿ ಇನ್ನಷ್ಟು ಸಾಧನೆ ಮಾಡಬೇಕು ಎನ್ನುತ್ತಾರೆ. ಜಾಝ್‌ನವರ ದಾರಿಯೇ ಬೇರೆ. ಅವರು ತಪ್ಪಿದ ಜಾಗಕ್ಕೇ ಹಿಂದಿರುಗಿ ಹೋಗಿ, ಈ ಸಲ ಎದೆಯುಬ್ಬಿಸಿ, ಅದೇ ತಪ್ಪನ್ನು ಮತ್ತೆ ಹಾಡುತ್ತಾರೆ. ಕೇಳುವವರು ಓಹೋ, ಬೇಕೆಂದೇ ಹಾಡಿದ್ದು ಎಂದು ತಲೆದೂಗುತ್ತಾರೆ. ಇದೊಂದು ಕಸುಬಿನ ಗುಟ್ಟು. ಕಸುಬಿನಲ್ಲೇ ಉಳಿದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ.

ನಮ್ಮ ಗಾಯಕಿಗೆ ಇದನ್ನು ಕಲಿಸಿದವರು ಪಿಯಾನೋ ಮೇಷ್ಟ್ರು. ಹೋಟೆಲೊಂದರ ನೆಲಮಾಳಿಗೆಯ ಸಭಾಂಗಣದಲ್ಲಿ ಅವಳ ಮೊದಲ ಕಾರ್ಯಕ್ರಮ. ಕಾಲಿಗೆ ತಂಗಿಯ ಬೂಟು, ಅದೂ ಒಂದು ಅಳತೆ ಚಿಕ್ಕದು. ಎದುರಿಗೆ ಊಟ ಮಾಡುತ್ತಾ ಕುಳಿತ ಜನ, ಅರ್ಧ ಕಿವಿ ಇವಳ ಕಡೆಗೆ, ಅರ್ಧ ಕಿವಿ ತಟ್ಟೆಯ ಕಡೆಗೆ. ಹಾಡಿನ ನಡುವೆ ಒಂದು ಸ್ವರ ಬೇಕಾದ್ದಕ್ಕಿಂತ ಮೇಲಕ್ಕೆ ಹಾರಿತು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಮೈಕಿನಲ್ಲಿ "ಸಾರಿ" ಅಂದಳು. ಅಲ್ಲಿಯವರೆಗೂ ತಪ್ಪು ಯಾರಿಗೂ ಗೊತ್ತಾಗಿರಲಿಲ್ಲ. ಈಗ ಅಡುಗೆಯವನೂ ಬಂದು ಇಣುಕಿದ.

ಕಾರ್ಯಕ್ರಮ ಮುಗಿದ ಮೇಲೆ ಮೇಷ್ಟ್ರು ಅವಳನ್ನು ಅಡುಗೆಮನೆಯ ಹಿಂದೆ, ಗ್ಯಾಸ್ ಸಿಲಿಂಡರುಗಳ ಪಕ್ಕಕ್ಕೆ ಕರೆದರು. "ನೋಡಮ್ಮಾ, ತಪ್ಪು ಮಾಡಿದ್ರೆ ಇನ್ನೊಂದು ಸಲ ಮಾಡು" ಅಂದರು. ಹುಡುಗಿ ಕಣ್ಣರಳಿಸಿದಳು. ಮೇಷ್ಟ್ರು ಒಂದು ಕ್ಷಣ ತಡೆದು, ಗಂಟಲು ಸರಿಮಾಡಿಕೊಂಡು, "ಹೂಂ, ಇನ್ನೊಂದು ಸಲ ಮಾಡು. ಸಾರಿ ಅನ್ನೋ ಮಾತು ಇನ್ಮೇಲೆ ನಿನ್ನ ಬಾಯಲ್ಲಿ ಬರಕೂಡದು" ಅಂದರು. ಮರುದಿನ ಅವಳು ಅದೇ ಸ್ವರವನ್ನು ಅದೇ ಜಾಗದಲ್ಲಿ ಮೂರು ಸಲ ಹಾರಿಸಿದಳು. ಜನ ಚಮಚ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯೇ ಅವಳ ತಲೆ ಕೆಡಿಸಿತು ಎಂದು ನನ್ನ ಅಭಿಪ್ರಾಯ.

ಏಕೆಂದರೆ ಅಂದಿನಿಂದ ಅವಳು ವೇದಿಕೆಯ ಮೇಲೂ ತಪ್ಪನ್ನು ಒಪ್ಪಿಕೊಳ್ಳಲಿಲ್ಲ, ವೇದಿಕೆಯ ಕೆಳಗೂ ಒಪ್ಪಿಕೊಳ್ಳಲಿಲ್ಲ. ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಬಿತ್ತೋ, ಇನ್ನೊಂದು ಚಮಚ ಉಪ್ಪು ಹಾಕಿ ಅತಿಥಿಗಳಿಗೆ ಕೊಟ್ಟಳು. ಅವರು ಕುಡಿದು, ಇದು ಯಾವುದೋ ದೊಡ್ಡ ಊರಿನ ಪದ್ಧತಿ ಇರಬೇಕೆಂದು ಮನೆಗೆ ಹೋಗಿ ತಾವೂ ಮಾಡಿಕೊಂಡರು. ಒಂದು ಸಂಜೆ ಏನೋ ಗುನುಗುತ್ತಾ ಮೆಟ್ಟಿಲು ಹತ್ತಿ, ತನ್ನ ಮನೆಯ ಕೆಳಗಿನ ಮಹಡಿಯ ಮನೆಗೆ ನುಗ್ಗಿಬಿಟ್ಟಳು. ಗೊತ್ತೇ ಇಲ್ಲದ ಸಂಸಾರವೊಂದು ಟಿವಿ ನೋಡುತ್ತಾ ಕುಳಿತಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಂದ ಕಾಲು ಕೀಳುತ್ತಿದ್ದರು. ಇವಳು ಚಪ್ಪಲಿ ಬಿಟ್ಟು ಕುರ್ಚಿ ಎಳೆದುಕೊಂಡು ಕುಳಿತಳು, ಮರುದಿನವೂ ಅದೇ ಹೊತ್ತಿಗೆ ಹೋದಳು. ವಾರ ಕಳೆಯುವಷ್ಟರಲ್ಲಿ ಆ ಮನೆಯವರು, ಇವತ್ತು ಯಾಕೆ ತಡ, ಆರೋಗ್ಯ ಸರಿ ಇಲ್ವಾ ಎಂದು ಕೇಳತೊಡಗಿದ್ದರು. ಅವರ ಮಗನಿಗೆ ಹೆಣ್ಣು ನೋಡಲು ಹೋಗುವಾಗ ಇವಳನ್ನೂ ಕರೆದುಕೊಂಡು ಹೋದರು.

ವೃತ್ತಿಯಲ್ಲಂತೂ ಮುಟ್ಟಿದ್ದೆಲ್ಲ ಚಿನ್ನ. ಒಮ್ಮೆ ರೆಕಾರ್ಡಿಂಗಿನಲ್ಲಿ ಹಾಡು ಇನ್ನೂ ಶುರುವಾಗುವ ಮೊದಲೇ ಕೊನೆಯ ಸಾಲನ್ನು ಹಾಡಿಬಿಟ್ಟಳು. ಆಮೇಲೆ ಅದರ ಹಿಂದಿನ ಸಾಲು, ಅದರ ಹಿಂದಿನದು, ಹೀಗೆ ಹಿಮ್ಮುಖವಾಗಿ ನಡೆದು ಮೊದಲ ಸಾಲಿಗೆ ತಂದು ನಿಲ್ಲಿಸಿದಳು. ಪತ್ರಿಕೆಯವರು ಕ್ರಾಂತಿ ಎಂದು ಬರೆದರು. ಇನ್ನೊಮ್ಮೆ ತಪ್ಪು ಬಾಗಿಲಿನಿಂದ ಒಳಹೊಕ್ಕು ಹಲ್ಲಿನ ಡಾಕ್ಟರುಗಳ ಸಮ್ಮೇಳನದಲ್ಲಿ ಪೂರ್ತಿ ಕಛೇರಿ ನಡೆಸಿದಳು. ಅವರು ಅಂದಿನಿಂದ ಇಂದಿನವರೆಗೂ ಪ್ರತಿ ವರ್ಷ ಕರೆಯುತ್ತಾರೆ, ಬಾಯಿ ತೆರೆಯುವುದರಲ್ಲಿ ಇವಳಷ್ಟು ಶ್ರದ್ಧೆ ಇನ್ನಾರಿಗೂ ಇಲ್ಲವಂತೆ. ಎಳೆಯ ಗಾಯಕಿಯರು ಅವಳ ತಪ್ಪುಗಳನ್ನು ಅಭ್ಯಾಸ ಮಾಡಿ ಹಾಡಿ ನೋಡಿದರು. ಆದರೆ ಅಭ್ಯಾಸ ಮಾಡಿದ ತಪ್ಪಿಗೆ ಆ ಕಳೆ ಎಲ್ಲಿಂದ ಬರಬೇಕು?

ಇಷ್ಟೆಲ್ಲ ಸರಿ. ಆದರೆ ತಂಗಿಯ ಮದುವೆಯ ವಿಷಯಕ್ಕೆ ಬಂದರೆ ನಗು ಬರುವುದಿಲ್ಲ. ಸ್ವಲ್ಪ ಬರುತ್ತದೆ, ಸುಳ್ಳು ಯಾಕೆ ಹೇಳಲಿ.

ತಂಗಿ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಗೋಡೆಯ ಮೇಲಿನ ಅಕ್ಷರ ಸರಿಯಾಗಿ ಕಾಣುವವರೆಗೂ ಯಾರನ್ನೂ ಕುರ್ಚಿಯಿಂದ ಎದ್ದೇಳಲು ಬಿಡುವುದಿಲ್ಲ. ಅಂಥವಳು ಸಾರಿಗೆ ಕಂಪನಿಯ ಒಬ್ಬ ಸಂಭಾವಿತನನ್ನು ಮೆಚ್ಚಿ, ನೋಂದಣಿ ಕಚೇರಿಯಲ್ಲಿ ಮದುವೆಯ ದಿನ ಗೊತ್ತುಮಾಡಿಕೊಂಡಳು. ಅವಳ ಕಡೆಯ ಸಾಕ್ಷಿ ಅಕ್ಕ. ಇನ್ನೊಬ್ಬ ಸಾಕ್ಷಿ ಬೇಕೆಂದಾಗ ಅಕ್ಕ ತನ್ನ ತಂಡದಲ್ಲಿ ಬೇಸ್ ಎಂಬ ಆಳೆತ್ತರದ ಮಂದ್ರಸ್ವರದ ತಂತಿವಾದ್ಯ ನುಡಿಸುವವನನ್ನು ಕರೆತಂದಳು. ಹೊಸದಾಗಿ ಸೇರಿದ್ದವನು, ಮಾತು ಕಡಿಮೆ.

ತಂಗಿ ಮೂಲೆಯ ಕನ್ನಡಿಯಲ್ಲಿ ಮುಡಿಯ ಹೂವು ಸರಿಮಾಡಿಕೊಳ್ಳುತ್ತಿದ್ದಳು. ಗುಮಾಸ್ತ ಹಾಳೆ ಮುಂದಿಟ್ಟ. ಗಾಯಕಿ ಸಂಜೆಯ ಹಾಡನ್ನು ಮನಸ್ಸಿನಲ್ಲೇ ಗುನುಗುತ್ತಾ ಸಹಿ ಹಾಕಿದಳು. ಹಾಕಿದ್ದು ವಧುವಿನ ಜಾಗದಲ್ಲಿ. ಬೇಸ್‌ನವನ ಕಸುಬೇ ಗಾಯಕಿ ಹೋದಲ್ಲಿಗೆ ಹಿಂದೆಯೇ ಹೋಗುವುದು. ಅವಳು ಎಲ್ಲಿಗಾದರೂ ದಾರಿ ತಪ್ಪಿದರೆ ತಾನೂ ಅಲ್ಲಿಗೇ ತಪ್ಪಿಸಿಕೊಂಡು ಹೋಗಿ ಕೆಳಗಿನಿಂದ ಆಧಾರ ಕೊಡುವವನು. ಒಂದು ಸಲ ಹುಬ್ಬೇರಿಸಿ ಅವಳ ಮುಖ ನೋಡಿ, ವರನ ಜಾಗದಲ್ಲಿ ತನ್ನ ಸಹಿ ಹಾಕಿದ. ಗುಮಾಸ್ತ ಎರಡನೇ ಪ್ರತಿ ಚಾಚಿದ. ಆಗ ಗಾಯಕಿಗೆ ಎಲ್ಲವೂ ಗೊತ್ತಾಗಿತ್ತು. ಆದರೂ ಅವಳು ಪೆನ್ನು ಕೆಳಗಿಡಲಿಲ್ಲ. ಅದೇ ಜಾಗದಲ್ಲಿ, ಮೊದಲನೆಯದಕ್ಕಿಂತ ದೊಡ್ಡದಾಗಿ, ಬಾಲ ಎಳೆದು ಸಹಿ ಹಾಕಿದಳು. ಕಸುಬಿನ ಅಭ್ಯಾಸ, ಕೈ ತಾನಾಗಿಯೇ ಹೋಯಿತು ಎಂದು ಆಮೇಲೆ ಎಲ್ಲರಿಗೂ ಹೇಳಿದಳು. ತನಗೂ ಹೇಳಿಕೊಂಡಳು.

ಸಾರಿಗೆಯ ಸಂಭಾವಿತ ಬಹಳ ವಿಧೇಯ ಮನುಷ್ಯ. ಖಾಲಿ ಇದ್ದದ್ದು ಸಾಕ್ಷಿಯ ಜಾಗ, ಅಲ್ಲಿ ಸಹಿ ಹಾಕಿದ. ಕನ್ನಡಿಯಿಂದ ತಿರುಗಿದ ತಂಗಿ ಸಹಿ ಹಾಕಲೊಪ್ಪದೆ ಕಿರುಚಿಕೊಂಡಿದ್ದರಿಂದ ಎರಡನೇ ಸಾಕ್ಷಿಯಾಗಿ ಕಚೇರಿಯ ಜವಾನ ಹಾಕಿದ. ಠಸ್ಸೆ ಬಿತ್ತು. ಮದುವೆಯಾಗಲು ಬಂದವರು ಸಾಕ್ಷಿ ಹೇಳಿದರು, ಸಾಕ್ಷಿ ಹೇಳಲು ಬಂದವರು ಗಂಡ ಹೆಂಡತಿಯಾದರು. ತಂಗಿಯ ಮದುವೆಗೆ ಹೊಸ ದಿನ ಸಿಗಲು ಒಂದು ತಿಂಗಳು ಕಾಯಬೇಕಾಗಿತ್ತು. ಅಷ್ಟರಲ್ಲಿ ಸಂಭಾವಿತನ ತಾಯಿ, ಸಹಿ ಹಾಕಲೂ ಬಾರದ ಮನೆಯ ಹೆಣ್ಣು ಬೇಡ ಎಂದು ಮೂಗು ಮುರಿದರು. ಅದಕ್ಕೂ ಅವನು ವಿಧೇಯನಾದ.

ಆಮೇಲೆ ತಂಗಿ ಅಕ್ಕನ ಜೊತೆ ಮಾತು ಬಿಟ್ಟಳು. ಮನೆಗೆ ಬರುವುದನ್ನು ಬಿಡಲಿಲ್ಲ, ಅದೇ ದೊಡ್ಡ ಶಿಕ್ಷೆ. ಪ್ರತಿ ಭಾನುವಾರ ಬಂದು ಮೇಜಿಗೆ ಕುಳಿತು, "ಭಾವ, ನಿಮ್ಮ ಹೆಂಡತಿಗೆ ಹೇಳಿ, ನೀರು ಈ ಕಡೆ ದೂಡೋಕೆ" ಎನ್ನುವಳು. ನೀರಿನ ಜಗ್ಗು ಗಾಯಕಿಯ ಮೊಣಕೈ ಪಕ್ಕದಲ್ಲೇ ಇರುತ್ತಿತ್ತು. "ನೋಡು, ನೀರು ದೂಡಬೇಕಂತೆ" ಎಂದು ಬೇಸ್‌ನವನು ಹೆಂಡತಿಗೆ ಹೇಳುವನು. ಕೂದಲು ಬೆಳ್ಳಗಾಗುವವರೆಗೂ ಇದು ಹೀಗೇ ನಡೆಯಿತು. ತಂಗಿ ಅಕ್ಕನ ಒಂದು ಹಾಡನ್ನೂ ಕೇಳಲಿಲ್ಲ. ರೇಡಿಯೋದಲ್ಲಿ ಬಂದರೆ ಎದ್ದು ಹೋಗಿ ಆರಿಸುತ್ತಿದ್ದಳು, ಅದು ಪಕ್ಕದ ಅಂಗಡಿಯ ರೇಡಿಯೋ ಆದರೂ ಸರಿ.

ಹೀಗಿರಲು ಒಂದು ಭಾನುವಾರ ತಂಗಿ ಬಂದವಳೇ, "ಭಾವ, ನಾನು ಮದುವೆ ಆಗ್ತಾ ಇದ್ದೀನಿ" ಅಂದಳು. ವರ ಬೀಗ ರಿಪೇರಿಯವನು. ಕನ್ನಡಕಕ್ಕೆಂದು ಬಂದು, ಅಕ್ಷರಗಳೆಲ್ಲ ಸ್ಪಷ್ಟವಾಗಿ ಕಂಡರೂ ಕಾಣುತ್ತಿಲ್ಲವೆಂದು ಸುಳ್ಳು ಹೇಳಿ ಕುರ್ಚಿಯಲ್ಲೇ ಕುಳಿತಿದ್ದವನಂತೆ.

ಗಾಯಕಿಯ ಎದೆ ತುಂಬಿ ಬಂತು. ಎದ್ದು ತಬ್ಬಿಕೊಳ್ಳಬೇಕೆಂದರೆ ತಂಗಿ ತಟ್ಟೆ ಅಡ್ಡ ಹಿಡಿದಳು.

"ಭಾವ, ನೀವೊಂದು ಸಾಕ್ಷಿ. ಇನ್ನೊಂದು ಅವರ ಅಕ್ಕ. ನಿಮ್ಮ ಹೆಂಡತಿ ಆ ಬೀದಿಗೂ ಕಾಲಿಡಬಾರದು."

"ಪಾಪ, ಆಗಿದ್ದು ಆಯ್ತು. ತಪ್ಪು ಯಾರು ಮಾಡಲ್ಲ ಹೇಳು?" ಅಂದ ಬೇಸ್‌ನವನು.

"ತಪ್ಪು ಮಾಡಿದ್ದಕ್ಕಲ್ಲ ಭಾವ. ನನ್ನ ಅಂಗಡೀಲಿ ದಿನಾ ಜನ ತಪ್ಪು ಅಕ್ಷರ ಓದ್ತಾರೆ, ನಾನೇನು ಹೊಡೀತೀನಾ? ಮೊದಲನೇ ಸಹಿ ಆದ್ಮೇಲೆ ತಪ್ಪಾಯ್ತು ಅಂತ ಒಂದು ಮಾತು ಅಂದಿದ್ರೆ ಮುಗೀತಿತ್ತು. ಎರಡನೇದು ಹಾಕಿದಳಲ್ಲ! ಈವತ್ತಿಗೂ ಆ ಮಾತು ಅಂದಿಲ್ಲ." ತಂಗಿಯ ಧ್ವನಿ ಒಡೆಯಿತು. "ಅಂದ್ರೆ ಬರಲಿ. ಅನ್ನದೇ ಇದ್ರೆ ಬೇಡ."

ಮದುವೆಗೆ ಇನ್ನು ಕೆಲವೇ ದಿನ ಇತ್ತು. ಒಂದೇ ಒಂದು ಮಾತು, ಚಿಕ್ಕ ಮಕ್ಕಳೂ ಬಾಯಿ ತುಂಬ ತಿಂಡಿ ಇಟ್ಟುಕೊಂಡು ಹೇಳುವಂಥ ಮಾತು. ಆದರೆ ಗಾಯಕಿಯ ನಾಲಿಗೆ ಅದಕ್ಕೆ ಹೊರಳಲಿಲ್ಲ. ಕನ್ನಡಿಯ ಮುಂದೆ ನಿಂತು "ತಪ್ಪಾ" ಅನ್ನುವಷ್ಟರಲ್ಲಿ ಅದು ಮೇಲಕ್ಕೇರಿ, "ಯ್ತು" ಅನ್ನುವಾಗ ಕೆಳಕ್ಕೆ ಜಾರಿ, ತಾನಾಗಿಯೇ ಲಯ ಹಿಡಿದುಬಿಡುತ್ತಿತ್ತು. ಅಡುಗೆಮನೆಯಲ್ಲಿದ್ದ ಗಂಡ ತಡೆಯಲಾರದೆ ಫ್ರಿಜ್ಜಿನ ಮೇಲೆ ತಾಳ ಹಾಕುವನು. "ರೀ, ಸುಮ್ನಿರ್ರೀ, ನಾನು ಪಶ್ಚಾತ್ತಾಪ ಪಡ್ತಾ ಇದ್ದೀನಿ" ಎಂದು ಇವಳು ರೇಗುವಳು. ಕೆಳಗಿನ ಮಹಡಿಯವರು ಮೇಲೆ ಬಂದು, ಹೊಸ ಹಾಡು ತುಂಬಾ ಚೆನ್ನಾಗಿದೆ, ಯಾವಾಗ ಬಿಡುಗಡೆ ಎಂದು ಕೇಳಿದರು.

ಕೊನೆಗೆ ಅವಳು ಪಿಯಾನೋ ಮೇಷ್ಟ್ರನ್ನು ಹುಡುಕಿಕೊಂಡು ವೃದ್ಧಾಶ್ರಮಕ್ಕೆ ಹೋದಳು. ಅಲ್ಲಿ ಪಿಯಾನೋ ಇರಲಿಲ್ಲ, ಮೇಷ್ಟ್ರು ಮಂಚದ ಅಂಚಿನ ಮೇಲೆ ಬೆರಳಾಡಿಸುತ್ತಾ ಮಲಗಿದ್ದರು.

"ಮೇಷ್ಟ್ರೇ, ಅವತ್ತು ಹೇಳಿದ ಮಾತು ವಾಪಸ್ ತಗೊಳ್ಳಿ."

"ಯಾವ ಮಾತು?"

"ತಪ್ಪಿದ್ರೆ ಇನ್ನೊಂದು ಸಲ ತಪ್ಪು ಅಂದಿದ್ರಲ್ಲ."

ಮೇಷ್ಟ್ರ ಬೆರಳು ನಿಂತಿತು. "ಅಯ್ಯೋ, ಅದಾ? ನಾನು ಹೇಳೋಕೆ ಹೊರಟಿದ್ದು ಅದಲ್ಲ ಕಣಮ್ಮ. ತಪ್ಪು ಮಾಡಿದ್ರೆ ಪರವಾಗಿಲ್ಲ, ಮುಂದಕ್ಕೆ ಹೋಗು ಅನ್ನಬೇಕು ಅಂತಿದ್ದೆ. ಬಾಯಿ ತಪ್ಪಿ ಇನ್ನೊಂದು ಸಲ ಮಾಡು ಅಂತ ಬಂತು. ನೀನು ಕಣ್ಣರಳಿಸಿಕೊಂಡು ನೋಡ್ತಾ ಇದ್ದೆ. ಇನ್ನು ಹೆಂಗಪ್ಪಾ ತಿದ್ದೋದು ಅಂತ ಇನ್ನೊಂದು ಸಲ ಹೇಳಿದೆ. ಆಮೇಲೆ ಬಂದವರಿಗೆಲ್ಲ ಅದನ್ನೇ ಹೇಳಿಕೊಟ್ಟೆ. ಈಗ ಈ ಊರಲ್ಲಿ ಒಬ್ಬರೂ ನೆಟ್ಟಗೆ ಹಾಡಲ್ಲ. ನನಗೆ ಮಾತ್ರ ದೊಡ್ಡ ಗುರು ಅಂತ ಹಾರ ಹಾಕ್ತಾರೆ."

ಗಾಯಕಿ ತಲೆಯ ಮೇಲೆ ಕೈ ಹೊತ್ತು ಕುಳಿತಳು. ಒಂದು ಇಡೀ ಜೀವನ ಗ್ಯಾಸ್ ಸಿಲಿಂಡರುಗಳ ಪಕ್ಕದಲ್ಲಿ ಬಾಯಿ ತಪ್ಪಿ ಬಂದ ಮಾತಿನ ಮೇಲೆ ನಿಂತಿದೆಯೆಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಅವಳಿಗೂ ಬಂತು. ಆದರೆ ಸಿಟ್ಟಿನ ಹಿಂದೆಯೇ ಒಂದು ಅಂಜಿಕೆಯೂ ಬಂತು. ನಿಯಮವೇ ಇರಲಿಲ್ಲವೆಂದಮೇಲೆ ಇನ್ನು ಯಾವುದರ ಹಿಂದೆ ಅಡಗಿಕೊಳ್ಳುವುದು?

ಆ ಸಂಜೆ ಬೇಸ್‌ನವನು ವಾದ್ಯದ ಧೂಳು ಒರೆಸುತ್ತಾ, ಅವಳ ಮುಖ ನೋಡದೆ ಕೇಳಿದ: "ನೀನು ಆ ಮಾತು ಹೇಳು, ಬೇಡ ಅನ್ನಲ್ಲ. ಹೇಳಲೇಬೇಕು. ಆದ್ರೆ ಹೇಳಿದ ಮೇಲೆ ನಾನು ಏನಾಗ್ತೀನಿ?"

"ಏನಾಗ್ತೀರಿ ಅಂದ್ರೆ?"

"ಇಷ್ಟು ವರ್ಷ ನಾನು ನಿನ್ನ ಸ್ಟೈಲು ಅಂದ್ಕೊಂಡು ಇದ್ದೆ. ನೀನು ತಪ್ಪಾಯ್ತು ಅಂದ್ರೆ, ತಪ್ಪು ಅಂದ್ರೆ ನಾನೇ ಅಲ್ವಾ?"

ಅವಳ ಬಳಿ ಉತ್ತರ ಇತ್ತು, ಹೇಳಲು ಧೈರ್ಯ ಇರಲಿಲ್ಲ. ಅವನು ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ.

ಮದುವೆಯ ಬೆಳಿಗ್ಗೆ ಅವನೊಬ್ಬನೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟ. ಗಾಯಕಿ ಬೀದಿಗೆ ಕಾಲಿಡಬಾರದಾಗಿತ್ತಲ್ಲ, ಆದ್ದರಿಂದ ಬೀದಿಯ ಆಚೆ ಪಕ್ಕದ ಬಟ್ಟೆ ಒಗೆಯುವ ಅಂಗಡಿಯಲ್ಲಿ, ತಿರುಗುವ ಯಂತ್ರಗಳ ನಡುವೆ, ಒಗೆಯಲು ಏನೂ ಇಲ್ಲದೆ ನಿಂತಳು. ಗಾಜಿನಾಚೆ ನೋಂದಣಿ ಕಚೇರಿಯ ಬಾಗಿಲು. ತಂಗಿ ತಿಳಿಬಣ್ಣದ ಬಟ್ಟೆಯಲ್ಲಿ ಒಳಹೋದದ್ದು ಕಾಣಿಸಿತು. ಬೀಗದವನು ಹಿಂದೆಯೇ ಎಡವುತ್ತಾ ಹೋದದ್ದೂ ಕಾಣಿಸಿತು. ಅಳು ಉಕ್ಕಿ ಬಂತು. ಅಂಗಡಿಯವಳು ಸೋಪಿನ ಪುಡಿ ಕಣ್ಣಿಗೆ ಬಿತ್ತೇನೋ ಎಂದುಕೊಂಡು ಟವೆಲ್ಲು ಕೊಟ್ಟಳು.

ಸ್ವಲ್ಪ ಹೊತ್ತಿಗೆ ಬೇಸ್‌ನವನು ಓಡುತ್ತಾ ಹೊರಬಂದ. ರಸ್ತೆ ದಾಟಿ ಬಂದು ಏದುಸಿರು ಬಿಟ್ಟ. "ಬಾ ಬೇಗ. ಬೀಗದವನ ಅಕ್ಕ ಬರ್ತಾ ಇಲ್ಲ. ಮನೆ ಬಾಗಿಲು ಲಾಕ್ ಆಗಿ ಒಳಗೇ ಸಿಕ್ಕಿಹಾಕ್ಕೊಂಡಿದ್ದಾರೆ. ತೆಗೆಯೋಕೆ ಬೀಗದವನೇ ಹೋಗಬೇಕು, ಅವನು ಹೋದ್ರೆ ಮದುವೆ ಯಾರ ಜೊತೆ? ಗುಮಾಸ್ತರು ಊಟಕ್ಕೆ ಏಳ್ತಾರಂತೆ."

"ಅವಳು ಕರೆದಳಾ?"

"'ಭಾವ, ಇನ್ಯಾರೂ ಸಿಗಲ್ವಾ' ಅಂದಳು. ಇಲ್ಲ, ಇವತ್ತು ಜವಾನನೂ ರಜೆ ಅಂದೆ. ಮುಖ ಆ ಕಡೆ ತಿರುಗಿಸಿಕೊಂಡಳು."

ಕಚೇರಿ ಹಳೆಯದೇ, ಗುಮಾಸ್ತನೂ ಹಳೆಯವನೇ. ನಿವೃತ್ತಿಯ ಅಂಚಿನಲ್ಲಿದ್ದ, ತಲೆಯಲ್ಲಿ ಕೂದಲಿರಲಿಲ್ಲ. ತಂಗಿ ಅಕ್ಕನನ್ನು ನೋಡಲಿಲ್ಲ. ಪೆನ್ನನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ಮೊದಲು ತಾನೇ ವಧುವಿನ ಜಾಗ ಹುಡುಕಿ, ಸುತ್ತ ಯಾರೂ ಹತ್ತಿರ ಬಾರದಂತೆ ಮೊಣಕೈ ಅಡ್ಡ ಇಟ್ಟು ಸಹಿ ಹಾಕಿದಳು. ಆಮೇಲೆ ಬೀಗದವನಿಗೆ ಕೊಟ್ಟಳು. ಜೀವಮಾನವಿಡೀ ಕೂದಲೆಳೆಯಷ್ಟು ಸಣ್ಣ ರಂಧ್ರಗಳಲ್ಲಿ ಕೈಚಳಕ ತೋರಿದ ಆ ಮನುಷ್ಯ ಹೆದರಿಕೆಗೆ ಗಡಗಡ ನಡುಗುತ್ತಾ, ನೇರ ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿಬಿಟ್ಟ.

ತಂಗಿಯ ಮುಖ ಬಿಳುಚಿಕೊಂಡಿತು.

"ಅಯ್ಯಯ್ಯೋ, ತಪ್ಪಾಯ್ತು ಸಾರ್" ಅಂದ ಬೀಗದವನು.

"ಆಗಲಿ ಬಿಡಿ" ಎಂದು ಗುಮಾಸ್ತ ಆ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿ, ಖಾನೆಯಿಂದ ಇನ್ನೊಂದು ತೆಗೆದ. "ತಪ್ಪಾಯ್ತು ಅಂದ್ರೆ ಹೊಸದು ಕೊಡೋದೇ. ದಿನಾ ನಾಲ್ಕು ಜನ ಹೀಗೆ ಮಾಡ್ತಾರೆ."

"ಮೊದಲಿಂದಲೂ ಕೊಡ್ತಿದ್ರಾ?" ಎಂದು ಕೇಳಿದ್ದು ಗಾಯಕಿ. ಅವಳ ಧ್ವನಿ ಅವಳಿಗೇ ಗುರುತು ಸಿಗಲಿಲ್ಲ.

"ನಾನು ಕೆಲಸಕ್ಕೆ ಸೇರಿದಾಗಿನಿಂದ ಕೊಡ್ತಾ ಇದ್ದೀನಿ. ಕೇಳಬೇಕಷ್ಟೆ."

ಬೀಗದವನು ಕರವಸ್ತ್ರದಿಂದ ಬೆವರು ಒರೆಸಿಕೊಂಡು ಆಗಲೇ ನಗುತ್ತಿದ್ದ. ಎಂಥ ಸಲೀಸು! ತಪ್ಪಾಯ್ತು ಅಂದ, ಹಾಳೆ ಹರಿಯಿತು, ಆಕಾಶವೇನೂ ಕಳಚಿ ಬೀಳಲಿಲ್ಲ. ಗಾಯಕಿ ತಂಗಿಯ ಎದುರಿಗೆ ಹೋಗಿ ನಿಂತಳು. ಬಾಯಿ ತೆರೆದಾಗ ಈ ಸಲ ರಾಗ ಬರಲಿಲ್ಲ, ಲಯವೂ ಬರಲಿಲ್ಲ. ತೀರಾ ಸಾಮಾನ್ಯವಾದ ಒರಟು ಧ್ವನಿಯೊಂದು ಬಂತು.

"ತಪ್ಪಾಯ್ತು ಕಣೇ. ಮೊದಲನೇ ಸಹಿ ಕೈತಪ್ಪಿ ಬಿತ್ತು, ದೇವರಾಣೆ. ಎರಡನೇದು ಕೈತಪ್ಪಿ ಅಲ್ಲ. ಅಭ್ಯಾಸ ಗಿಭ್ಯಾಸ ಅಂದಿದ್ದೆಲ್ಲ ಸುಳ್ಳು. ಇವರು ಹುಬ್ಬೇರಿಸಿ ನನ್ನ ನೋಡಿ ವರನ ಜಾಗದಲ್ಲಿ ಸಹಿ ಹಾಕಿದ್ರು. ಇವರು ನನಗೆ ಬೇಕು ಅನ್ನಿಸಿಬಿಡ್ತು. ಬೇಕು ಅಂತಲೇ ಹಾಕಿದೆ. ನಿನ್ನ ಮದುವೆ ಅಂತ ಗೊತ್ತಿದ್ದೂ ಹಾಕಿದೆ."

ಬೇಸ್‌ನವನು ಗೋಡೆಗೆ ಒರಗಿದ. ಗುಮಾಸ್ತ ಗಡಿಯಾರ ನೋಡುವುದನ್ನು ಬಿಟ್ಟ.

"ಬೇಕು ಅಂತಲೇ?" ಅಂದಳು ತಂಗಿ. ಅಷ್ಟು ವರ್ಷಗಳ ಮೇಲೆ ನೇರವಾಗಿ ಅಕ್ಕನಿಗೆ ಆಡಿದ ಮೊದಲ ಮಾತು ಅದು.

"ಹೂಂ."

"ಹಾಗಾದ್ರೆ ಇದು ನಿನ್ನ ಹಾಳು ಸಂಗೀತದ ಕೆಲಸ ಅಲ್ಲ."

"ಅಲ್ಲ. ನನ್ನದೇ ಕೆಲಸ."

ತಂಗಿ ಬೆಂಚಿನ ಮೇಲೆ ಕುಸಿದು ಕುಳಿತಳು. "ಇಷ್ಟು ವರ್ಷ ಊರಿನ ರೇಡಿಯೋ ಎಲ್ಲಾ ಆರಿಸಿಕೊಂಡು ತಿರುಗಿದೆನಲ್ಲೇ ನಾನು! ಒಂದು ಹಾಡಾದ್ರೂ ಕೇಳಬಹುದಿತ್ತು. ಒಳಗೊಳಗೆ ಎಷ್ಟು ಆಸೆ ಇತ್ತು ಗೊತ್ತಾ ನಿಂಗೆ?" ಅವಳು ಅತ್ತಳು, ಬೈದಳು, ಮೂಗು ಒರೆಸಿಕೊಂಡಳು, ಮತ್ತೆ ಬೈದಳು. ಗಾಯಕಿ ಒಂದಕ್ಕೂ ಎದುರಾಡಲಿಲ್ಲ. ಬೈಗುಳದ ಒಂದೊಂದು ಮಾತೂ ನೇರವಾಗಿ ತನಗೇ, ನಡುವೆ ಯಾರೂ ಇಲ್ಲದೆ ಬರುತ್ತಿದ್ದುದರಿಂದ ಅವಳಿಗೆ ಹಿಗ್ಗೋ ಹಿಗ್ಗು.

ಗುಮಾಸ್ತ ಕೆಮ್ಮಿದ. ಹೊಸ ಹಾಳೆಯಲ್ಲಿ ತಂಗಿ ಸಹಿ ಹಾಕಿದಳು. ಬೀಗದವನು ಅವಳ ಬೆರಳು ತೋರಿಸಿದ ಜಾಗದಲ್ಲೇ ಹಾಕಿದ. ಬೇಸ್‌ನವನು ಹಾಕಿದ, ಅವನ ಕಣ್ಣು ಮಂಜಾಗಿ ಗೆರೆ ಸ್ವಲ್ಪ ಸೊಟ್ಟಗಾಯಿತು. ಗಾಯಕಿಯ ಸರದಿ ಬಂದಾಗ ತಂಗಿ ಎದ್ದು ಬಂದು ಅಕ್ಕನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಂಬಿಕೆ ಎಲ್ಲಿಂದ ಬರಬೇಕು? ಪೆನ್ನು ಸಾಕ್ಷಿಯ ಜಾಗದ ಮೇಲೆ ಇಳಿಯುವವರೆಗೂ ಬಿಡಲಿಲ್ಲ, ಒಂದೊಂದೇ ಅಕ್ಷರ ಮೂಡುವಾಗಲೂ ಬಿಡಲಿಲ್ಲ. ಸಹಿ ಮುಗಿಯಿತು, ಠಸ್ಸೆ ಬಿತ್ತು, ಗುಮಾಸ್ತ ಊಟಕ್ಕೆ ಎದ್ದ. ತಂಗಿ ಆಗಲೂ ಕೈ ಬಿಡಲಿಲ್ಲ.